ಮೂರಡಿ ಜಾಗದ ಅಂಟಿನಂಗಡಿ

ಹೊಲಿಗೆ ಟೀಚರಮ್ಮನಿಗೆ ಇದ್ದದ್ದು ಒಂದೇ ಆಸೆ, ಸ್ವಂತ ಮನೆ. ಅರಮನೆಯೇನೂ ಬೇಕಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹೊಲಿಗೆ ಮಿಷನ್ನು ಇಟ್ಟುಕೊಳ್ಳಲು ಬೆಳಕಿರುವ ಒಂದು ಮೂಲೆ ಸಾಕಿತ್ತು. ಇಷ್ಟು ಚಿಕ್ಕ ಆಸೆ ಇಷ್ಟು ವರ್ಷ ಈಡೇರದೆ ಉಳಿದದ್ದಕ್ಕೆ ಹಣದ ತಾಪತ್ರಯ ಕಾರಣವಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು, ಇಬ್ಬರ ಕೈಯೂ ಬಿಗಿ. ಕಾರಣ ಏನೆಂದು ನೇರವಾಗಿ ಹೇಳಿಬಿಡುತ್ತೇನೆ: ಗಂಡ.

ಗಂಡ ಪುರಸಭೆಯಲ್ಲಿ ಕಟ್ಟಡ ಇನ್ಸ್‌ಪೆಕ್ಟರು. ಊರಿನ ಕಂಟ್ರಾಕ್ಟರುಗಳು ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದು ‘ಮೂರಡಿ ಸಾಹೇಬರು’ ಎಂದು. ಮನೆ ಕಟ್ಟುವವರು ಗೋಡೆಯ ಸುತ್ತ ಮೂರಡಿ ಜಾಗ ಖಾಲಿ ಬಿಡಬೇಕು ಎನ್ನುವುದು ನಿಯಮ. ಎಲ್ಲ ಊರಿನಲ್ಲೂ ಇಂಥ ನಿಯಮ ಇರುತ್ತದೆ, ಎಲ್ಲ ಊರಿನಲ್ಲೂ ಜನ ಅದನ್ನು ನುಂಗಿ ನೀರು ಕುಡಿಯುತ್ತಾರೆ. ಆದರೆ ಈ ಊರಿನಲ್ಲಿ ಸಾಹೇಬರಿದ್ದರು. ಲಂಚಕ್ಕೆ ಬಗ್ಗುವ ಆಸಾಮಿಯಲ್ಲ, ಅಳುವಿಗೂ ಕರಗುವವರಲ್ಲ. ಟೇಪು ಹಿಡಿದು ಬಂದರೆಂದರೆ ಮೇಸ್ತ್ರಿಗಳ ಎದೆ ಧಸಕ್ಕೆನ್ನುತ್ತಿತ್ತು.

ಅದೇ ಟೇಪು ಹಿಡಿದು ಅವರು ಹೆಂಡತಿಗಾಗಿ ಮನೆ ನೋಡಲು ಹೋಗುತ್ತಿದ್ದರು. ಒಂದು ಮನೆಯ ಎಡಗಡೆ ಮೂರಡಿಗೆ ನಾಲ್ಕು ಬೆರಳು ಕಡಿಮೆ. ಇನ್ನೊಂದರ ಮೆಟ್ಟಿಲು ಚರಂಡಿಯ ಮೇಲೆ ಚಾಚಿಕೊಂಡಿತ್ತು. ಮತ್ತೊಂದಕ್ಕೆ ಎಲ್ಲ ಸರಿಯಿತ್ತು. ಟೀಚರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಸಾಹೇಬರು ಬಗ್ಗಿ, ಎದ್ದು, ಹಿತ್ತಲಿಗೆ ಹೋಗಿ ಬಂದು, ಕೊನೆಗೆ ಪಕ್ಕದ ಮನೆಯವನು ಜಾಗ ಬಿಟ್ಟಿಲ್ಲ ಎಂದು ತಲೆಯಾಡಿಸಿದರು.

“ಪಕ್ಕದೋನು ಬಿಡದಿದ್ರೆ ನಮಗೇನ್ರೀ?” ಎಂದರು ಟೀಚರಮ್ಮ.

“ತಪ್ಪು ಮಾಡಿದೋನ ಪಕ್ಕದಲ್ಲಿ ಮಲಗಿದ್ರೆ ನಂಗೆ ನಿದ್ದೆ ಬರತ್ತೇನೇ?”

“ಈಗ ಇರೋ ಬಾಡಿಗೆ ಮನೆಗೆ ಬಿಟ್ಟಿದಾರಾ ಮೂರಡಿ?”

“ಅದು ಓನರ್ ತಪ್ಪು. ನಾನು ಬರೀ ಬಾಡಿಗೆಯೋನು.”

ಇಂಥ ಮನುಷ್ಯನ ಜೊತೆ ಏನೆಂದು ಜಗಳವಾಡುವುದು? ಟೀಚರಮ್ಮನೂ ಬಟ್ಟೆ ಕತ್ತರಿಸುವಾಗ ಅಂಚಿಗೆ ಒಂದಿಷ್ಟು ಬಿಡಲು ಹುಡುಗಿಯರಿಗೆ ಹೇಳಿಕೊಡುವವರೇ. ಆದರೆ ಆ ಬಟ್ಟೆ ಒಳಗಡೆ ಇರುತ್ತದೆ, ಮೈ ದಪ್ಪಗಾದಾಗ ಬಿಚ್ಚಿಕೊಳ್ಳಬಹುದು. ಗಂಡ ಬಿಡಿಸುವುದು ಯಾರ ಮೈಗೂ ಆಗದ ಜಾಗ. ಮದುವೆಯಾದಾಗಿನಿಂದ ಆರು ಬಾಡಿಗೆ ಮನೆ ಬದಲಾಯಿಸಿ, ಆರರಲ್ಲೂ ಓನರಮ್ಮಂದಿರ ಮುಖ ನೋಡಿಕೊಂಡು ಬಟ್ಟೆ ಒಣಹಾಕಿ ಆಕೆಗೆ ಸಾಕುಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಸಾಹೇಬರು ಹೊಸ ಪಾಯದ ಹತ್ತಿರ ಟೇಪು ಹಿಡಿದು ಹಿಂದೆ ಹಿಂದೆ ನಡೆಯುತ್ತ, “ನೋಡ್ಕೊಂಡು ಕೆಲಸ ಮಾಡ್ರಯ್ಯಾ” ಎಂದು ಮೇಸ್ತ್ರಿಗೆ ಬುದ್ಧಿ ಹೇಳುತ್ತಲೇ ಪಾಯದ ಗುಂಡಿಗೆ ಬಿದ್ದರು. ಮೊಣಕಾಲು ಮುರಿಯಿತು. ಪ್ಲಾಸ್ಟರು ಹಾಕಿ, ಕೆಲವು ತಿಂಗಳು ಮನೆಯಲ್ಲೇ ಬಿದ್ದಿರಿ ಎಂದರು ಡಾಕ್ಟರು. ಊರಿನ ಕಂಟ್ರಾಕ್ಟರುಗಳು ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದು ನೋಡಿದರು. ಅವರ ಮುಖದಲ್ಲಿದ್ದ ಕಳೆಯನ್ನು ದುಃಖ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹೊರಗೆ ಅಳೆಯಲು ಏನೂ ಸಿಗದ ಸಾಹೇಬರು ಮನೆಯೊಳಗೆ ಅಳೆಯತೊಡಗಿದರು. ಹಾಸಿಗೆಯಲ್ಲಿ ಕೂತೇ ಬಚ್ಚಲಿನ ಇಳಿಜಾರು ತಪ್ಪು ಎಂದು ಕಂಡುಹಿಡಿದರು. ಮಹಡಿಯ ಮೆಟ್ಟಿಲು ಕಿರಿದಾಯಿತೆಂದು ಓನರಿಗೆ ಫೋನು ಮಾಡಿದರು. ಓನರು ‘ನಮ್ಮ ತಮ್ಮ ಊರಿಗೆ ವಾಪಸ್ ಬರೋ ಹಾಗಿದೆ’ ಎಂದು ರಾಗ ತೆಗೆದ. ಏಳನೆಯ ಬಾಡಿಗೆ ಮನೆಯ ವಾಸನೆ ಟೀಚರಮ್ಮನ ಮೂಗಿಗೆ ಬಡಿಯಿತು. ಕೂಡಲೇ ತಂಗಿಗೆ ಹೇಳಿಕಳಿಸಿದರು.

ತಂಗಿ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವವಳು, ಬಾಯಿ ಜೋರು, ಆನ್‌ಲೈನ್ ಆಟದ ಹುಚ್ಚು. ಬಂದವಳೇ ಸಾಹೇಬರ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು.

“ಭಾವಾ, ಮನೆಯೋರನ್ನ ಬಿಟ್ಟುಬಿಡಿ. ತಪ್ಪು ಹುಡುಕೋಕೆ ಇಲ್ಲಿ ನಿಮಗೆ ಒಂದು ಇಡೀ ಊರಿದೆ.”

ಆ ಆಟದಲ್ಲಿ ಕೋಟೆಯಿತ್ತು, ಕಾಡಿತ್ತು, ಕಾಡಿನಲ್ಲಿ ಬೆಂಕಿಯುಗುಳುವ ಮೃಗಗಳಿದ್ದವು. ಕತ್ತಿ ಹಿಡಿದು ಅವುಗಳ ಮೇಲೆ ಬೀಳುವವರು ಒಂದಷ್ಟು ಜನ. ಅವರಿಗೆ ಕತ್ತಿ ಬಡಿದುಕೊಡುವ ಕಮ್ಮಾರರು, ಬಿಲ್ಲು ಮಾಡುವವರು, ಗಾಯಕ್ಕೆ ಮದ್ದು ಕುದಿಸುವವರು, ಮನೆ ಕಟ್ಟುವವರು ಇನ್ನಷ್ಟು ಜನ. ಇವರೆಲ್ಲರೂ ಎಲ್ಲೆಲ್ಲೋ ಕೂತ ನಿಜವಾದ ಮನುಷ್ಯರೇ. ಹಗಲಿಡೀ ಒಂದು ಕಡೆ ದುಡಿದು, ಮನೆಗೆ ಬಂದು, ಕೈಕಾಲು ತೊಳೆದು, ಇನ್ನೊಂದು ಕೆಲಸಕ್ಕೆ ಸೇರಿಕೊಳ್ಳುತ್ತಿದ್ದರು. ಸಂಬಳವಿಲ್ಲದ ಈ ಚಾಕರಿಗೆ ಜನ ಮುಗಿಬೀಳುವುದನ್ನು ನೋಡಿ ಟೀಚರಮ್ಮ ಮೂಗು ಮುರಿದರು.

ಸಾಹೇಬರು ಕತ್ತಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಮೇಸ್ತ್ರಿ ಕೆಲಸ ಹಿಡಿದರು. ಗುಡ್ಡದಲ್ಲಿ ಕಲ್ಲು ಒಡೆದರು, ಸುಣ್ಣ ಸುಟ್ಟರು, ಕಂಡವರ ಮನೆಗೆ ಗೋಡೆ ಎಬ್ಬಿಸಿಕೊಟ್ಟು ಕೈ ಪಳಗಿಸಿಕೊಂಡರು. ಕೆಲಸ ಕಲಿತಷ್ಟೂ ಪದವಿ ಏರುತ್ತಿತ್ತು. ಒಂದು ಬೆಳಿಗ್ಗೆ ಟೀಚರಮ್ಮ ಪೊರಕೆ ಹಿಡಿದು ಸಾಹೇಬರು ಕೂರುತ್ತಿದ್ದ ಮುಂದಿನ ಕೋಣೆಗೆ ಹೋದಾಗ ಪರದೆಯ ಮೇಲೆ ಎರಡು ಅಂತಸ್ತಿನ ಕಲ್ಲಿನ ಮನೆಯೊಂದು ಏಳುತ್ತಿತ್ತು.

“ಇದೇನ್ರೀ?”

“ಮನೆ ಕಟ್ತಾ ಇದೀನಿ ಕಣೇ!” ಎಂದರು ಸಾಹೇಬರು. ಮುಖ ಊರಗಲವಾಗಿತ್ತು. “ಪಾಯದಿಂದ ನಾನೇ ಹಾಕಿದ್ದು. ನೋಡು, ಮಳೆನೀರು ಹೋಗೋಕೆ ಹೇಗೆ ಇಳಿಜಾರು ಕೊಟ್ಟಿದೀನಿ.”

ಟೀಚರಮ್ಮ ನೋಡಿದರು. ಕಾಲು ಮುರಿದುಕೊಂಡು, ಬನಿಯನ್ನಿನಲ್ಲಿ ಕೂತು, ತಮ್ಮ ಗಂಡ ಯಾವುದೋ ಇಲ್ಲದ ಊರಿನಲ್ಲಿ ಮನೆ ಕಟ್ಟುತ್ತಿದ್ದರು. ಇಷ್ಟು ವರ್ಷ ‘ಬೇಡ, ಸರಿಯಿಲ್ಲ’ ಎಂದಷ್ಟೇ ಹೇಳಿದ ಬಾಯಿ ಈಗ ಹಲ್ಲು ಕಿರಿಯುತ್ತಿತ್ತು. ಆಕೆ ಪೊರಕೆಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದು ತಂಗಿಗೆ ಫೋನು ಮಾಡಿದರು.

“ಆ ಆಟ ನಂಗೂ ಹಾಕ್ಕೊಡು. ನಿಮ್ಮ ಭಾವಂಗೆ ಹೇಳ್ಬೇಡ.”

ತಂಗಿ ತನ್ನ ಹಳೆಯ ಟ್ಯಾಬ್ ತಂದುಕೊಟ್ಟಳು. ಆಟದಲ್ಲಿ ತಾನು ಬಿಲ್ಲು ಮಾಡುವವಳೆಂದೂ, ಬಿಲ್ಲಿನ ತುದಿ ಕೂರಿಸಲು ಅಂಟು ಬೇಕೆಂದೂ, ಊರಿನಲ್ಲಿ ಅಂಟು ಸಿಗದೆ ತನ್ನ ವ್ಯಾಪಾರ ನೆಲ ಕಚ್ಚಿದೆಯೆಂದೂ ಗೋಳು ಹೇಳಿಕೊಂಡಳು. ಗೊರಸು, ಮೂಳೆ ಹಾಕಿ ಗಂಟೆಗಟ್ಟಲೆ ಕುದಿಸಬೇಕು, ಒಲೆಯಿಂದ ಹಸಿರು ಹೊಗೆ ಏಳುತ್ತದೆ, ಹತ್ತಿರ ಸುಳಿದ ಆಟಗಾರರ ಗೊಂಬೆಗಳೆಲ್ಲ ಮೂಗು ಮುಚ್ಚಿಕೊಳ್ಳುತ್ತವೆ, ಹಾಗಾಗಿ ಯಾರೂ ಆ ಕಸುಬಿಗೆ ಇಳಿಯುವುದಿಲ್ಲ.

“ಕುದಿಸೋದು ತಾನೇ? ಮದುವೆಯಾದಾಗಿಂದ ನಾನು ಮಾಡ್ತಿರೋದು ಅದೇ ಅಲ್ವಾ,” ಎಂದರು ಟೀಚರಮ್ಮ.

ಗೊಂಬೆಯ ರೂಪ ಆರಿಸುವಾಗ ಕೈ ತಪ್ಪಿ ಗಡ್ಡವಿರುವ ಒಬ್ಬ ಕುಳ್ಳ ಹೆಂಗಸು ಬಂದಳು. ತಂಗಿ ಬದಲಾಯಿಸಲು ಹೋದರೆ ಟೀಚರಮ್ಮ ಬಿಡಲಿಲ್ಲ. “ಇರ್ಲಿ. ಗಡ್ಡ ಇದ್ರೆ ಜನ ಚೌಕಾಸಿ ಮಾಡಲ್ಲ.”

ಮಧ್ಯಾಹ್ನ ಶಾಲೆ ಬಿಟ್ಟು ಬಂದು, ಟೀ ಕುಡಿದು, ಟೀಚರಮ್ಮ ಅಂಟು ಕುದಿಸಲು ಕೂರುತ್ತಿದ್ದರು. ಮೊದಮೊದಲು ಹತ್ತಿಕೊಂಡಿತು, ಸೀದುಹೋಯಿತು. ಆಮೇಲೆ ಹದ ಸಿಕ್ಕಿತು. ಬಿಲ್ಲಿನವರು, ಬಡಗಿಗಳು, ಪುಸ್ತಕಕ್ಕೆ ರಟ್ಟು ಹಾಕುವವರು ಎಲ್ಲರೂ ‘ಅಂಟಮ್ಮಾ, ಅಂಟಮ್ಮಾ’ ಎಂದು ಹುಡುಕಿಕೊಂಡು ಬರತೊಡಗಿದರು. ಇಷ್ಟು ದಿನ ಕುದಿಸುತ್ತಿದ್ದ ಸಂತೆಯ ಬಾಡಿಗೆ ಒಲೆ ಇನ್ನು ಸಾಲದು, ದೊಡ್ಡ ಹಂಡೆ ಇಡಬೇಕಾದರೆ ಸ್ವಂತ ಜಾಗ ಬೇಕು ಎಂದಿತು ಆಟ. ಇಲ್ಲೂ ಬಾಡಿಗೆಯೇ ಎಂದು ಟೀಚರಮ್ಮ ಹಲ್ಲು ಕಡಿದು ಜಾಗ ಹುಡುಕಲು ಹೊರಟರು.

ಆಟದ ಊರಿನ ಪೇಟೆಬೀದಿಯಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ಅಂಗಡಿಗಳು ಒಂದರ ಭುಜಕ್ಕೆ ಒಂದು ತಾಗಿಕೊಂಡಿದ್ದವು. ಬೀದಿಯ ಕೊನೆಗೆ ಬಂದಾಗ ಒಂದು ಕಲ್ಲಿನ ಮನೆಯ ಮುಂದೆ ಒಂದೇ ಒಂದು ಚೌಕದಷ್ಟು ನೆಲ ಖಾಲಿ ಕಂಡಿತು. ‘ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟಿತ್ತು. ಟೀಚರಮ್ಮ ಮನೆಯನ್ನು ನೋಡಿದರು. ಎರಡು ಅಂತಸ್ತು. ಮಳೆನೀರಿಗೆ ಒಪ್ಪವಾದ ಇಳಿಜಾರು.

ವಿಷಯ ಹೀಗಾಗಿತ್ತು. ಸಾಹೇಬರು ತಮ್ಮ ಜಾಗದಲ್ಲಿ ಮನೆ ಕಟ್ಟುವಾಗ ಅಭ್ಯಾಸಬಲದಿಂದ ನಾಲ್ಕೂ ಕಡೆ ಒಂದೊಂದು ಚೌಕ ಖಾಲಿ ಬಿಟ್ಟಿದ್ದರು. ಹಾಗೆ ಬಿಡಿ ಎಂದು ಆ ಲೋಕದಲ್ಲಿ ಅವರಿಗೆ ಹೇಳಿದವರು ಯಾರೂ ಇಲ್ಲ. ಅಲ್ಲಿನ ನಿಯಮವೇ ಬೇರೆ: ಕಟ್ಟದೆ ಬಿಟ್ಟ ನೆಲ ಸ್ವಲ್ಪ ದಿನಕ್ಕೆ ಊರಿನ ಪಾಲಾಗುತ್ತದೆ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಲಕ್ಷಾಂತರ ಜನ ಆಡುವ ಆಟದಲ್ಲಿ ಈ ತಪ್ಪು ಮಾಡಿದವರು ಅವರೊಬ್ಬರೇ ಇರಬೇಕು. ಎಡಕ್ಕೆ ಒಬ್ಬ ಕಮ್ಮಾರ ಬಂದು ಕೂತ. ಬಲಕ್ಕೆ ಕುದುರೆ ಲಾಯ ಬಂತು. ಹಿಂದುಗಡೆ ಯಾರೋ ಹಂದಿಗೂಡು ಹಾಕಿದರು. ಸಾಹೇಬರು ಹಗಲೆಲ್ಲ ಗುಡ್ಡದಲ್ಲಿ ಕಲ್ಲು ಒಡೆಯುತ್ತ ಇದೊಂದನ್ನೂ ಗಮನಿಸಿರಲಿಲ್ಲ. ಉಳಿದಿದ್ದದ್ದು ಬಾಗಿಲ ಮುಂದಿನ ಚೌಕ ಮಾತ್ರ.

ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತ ನಗುತ್ತ ಒಮ್ಮೆಲೇ ಸುಮ್ಮನಾದರು. ಆಮೇಲೆ ಆ ಹಲಗೆಯ ಮೇಲೆ ಬೆರಳಿಟ್ಟು ಒತ್ತಿದರು. ಜಾಗ ಆಕೆಯದಾಯಿತು. ಅಂಟಿನ ಗೂಡು ಎದ್ದು ನಿಂತಿತು, ಅಗಲ ಒಂದೇ ಚೌಕ, ಹಿಂದಿನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು.

ಆ ಸಂಜೆಯೇ ಮುಂದಿನ ಕೋಣೆಯಿಂದ ಬೊಬ್ಬೆ ಕೇಳಿಸಿತು.

“ಒತ್ತುವರಿ! ಹಾಡಹಗಲೇ ಒತ್ತುವರಿ!”

ಟೀಚರಮ್ಮ ಟ್ಯಾಬನ್ನು ಡಬ್ಬಿಗಳ ಹಿಂದೆ ಸರಿಸಿ ಕೈ ಒರೆಸಿಕೊಂಡು ಹೋದರು. ಪರದೆಯ ಮೇಲೆ ಸಾಹೇಬರ ಗೊಂಬೆ ಸುತ್ತಿಗೆ ಹಿಡಿದು ಬೀದಿಯಲ್ಲಿ ನಿಂತಿತ್ತು. ಮುಂದೆ ಗೂಡು, ಗೂಡಿನಿಂದ ಹಸಿರು ಹೊಗೆ, ಹೊಗೆಯಾಚೆ ಅವರ ಮನೆಯ ಮಹಡಿ ಮಾತ್ರ ಕಾಣುತ್ತಿತ್ತು. ಒಳಗೆ ಹೋಗಲು ದಾರಿಯೇ ಇರಲಿಲ್ಲ.

“ಯಾರ್ರೀ ಹೀಗೆ ಮಾಡಿದ್ದು?” ಎಂದರು ಟೀಚರಮ್ಮ, ಏನೂ ಗೊತ್ತಿಲ್ಲದವರ ಹಾಗೆ.

“ಯಾವಳೋ ಗಡ್ಡದ ಹೆಂಗಸು. ಬಿಡ್ತೀನಾ ನಾನು? ನೋಟಿಸ್ ಕೊಡ್ತೀನಿ.”

ಕೊಟ್ಟೇ ಕೊಟ್ಟರು. ಆಟದಲ್ಲಿ ಒಬ್ಬರಿಗೊಬ್ಬರು ಮಾತಾಡಲು ಇರುವ ಚಿಕ್ಕ ಚೌಕಟ್ಟಿನಲ್ಲಿ ಸಾಹೇಬರು ಆಫೀಸಿನ ಭಾಷೆಯನ್ನು ತುರುಕಿದರು: “ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ಅನಧಿಕೃತವಾಗಿ ನಿರ್ಮಿಸಿರುವ ಅಂಟಿನ ಗೂಡನ್ನು ಕೂಡಲೇ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.”

ಇಷ್ಟು ವರ್ಷ ಊಟದ ಹೊತ್ತಿಗೆ ಇದೇ ಭಾಷೆ ಕೇಳಿ ಕೇಳಿ ಟೀಚರಮ್ಮನಿಗೆ ಅದು ಬಾಯಿಪಾಠವಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಉತ್ತರ ಬರೆದರು: “ಸದರಿ ನೋಟಿಸಿನಲ್ಲಿ ಸದರಿ ಜಾಗದ ಚೆಕ್ಕುಬಂದಿ ನಮೂದಿಸಿರುವುದಿಲ್ಲ. ನಾಲ್ಕೂ ದಿಕ್ಕಿನ ವಿವರದೊಂದಿಗೆ ಮತ್ತೊಮ್ಮೆ ಸಲ್ಲಿಸತಕ್ಕದ್ದು.”

ಸಾಹೇಬರು ಕೋಲು ಊರಿಕೊಂಡು ಅಡುಗೆಮನೆಯವರೆಗೂ ಬಂದರು. “ಚೆಕ್ಕುಬಂದಿ ಕೇಳ್ತಾಳೆ ಕಣೇ! ಕಾನೂನು ಗೊತ್ತಿರೋ ಹೆಂಗಸು!”

“ಹೌದಾ?” ಎಂದರು ಟೀಚರಮ್ಮ. ಹಾಲು ಉಕ್ಕಿತು.

ಆವತ್ತಿನಿಂದ ಸಂಜೆಯಾದರೆ ಇದೇ ಆಟ. ಸಾಹೇಬರ ನೋಟಿಸು, ಅಂಟಮ್ಮನ ಉತ್ತರ. ಅವರು ಬೆಳಕು ಗಾಳಿಗೆ ಅಡ್ಡಿಯಾಗಿದೆ ಎಂದರೆ ಆಕೆ, ಮನೆಯಲ್ಲಿ ವಾಸವಿರುವವರ ಹೆಸರು ತಿಳಿಸಿ, ಯಾರ ಬೆಳಕಿಗೆ ಅಡ್ಡಿ ಎಂದು ಪರಿಶೀಲಿಸಲಾಗುವುದು ಎನ್ನುತ್ತಿದ್ದರು. ಅವರು ಹೊಗೆಯ ದೂರು ಹೇಳಿದರೆ ಆಕೆ, ದೂರುದಾರರು ಖುದ್ದಾಗಿ ಹಾಜರಾಗಿ ಮೂಗು ತೋರಿಸತಕ್ಕದ್ದು ಎನ್ನುತ್ತಿದ್ದರು. ಅಂಟಿಗೆ ಸಾಲು ನಿಂತ ಗಿರಾಕಿಗಳು ಅಂಟು ಕೊಂಡ ಮೇಲೂ ಈ ಜಗಳ ಓದುತ್ತ ಕದಲುತ್ತಿರಲಿಲ್ಲ.

ಸಾಹೇಬರಿಗೆ ಮೈ ಉರಿಯುತ್ತಿತ್ತು, ನಿಜ. ಆದರೆ ಮುಖದಲ್ಲಿ ಒಂಥರಾ ಗೆಲುವೂ ಬಂದಿತ್ತು. ಊಟಕ್ಕೆ ಕೂತರೆ ಆ ಹೆಂಗಸಿನದೇ ಮಾತು. “ಎಂಥಾ ಬುದ್ಧಿ ಅಂತೀಯಾ! ಇಂಥೋಳು ನಮ್ಮ ಆಫೀಸಲ್ಲಿದ್ದಿದ್ರೆ...” ಎಂದು ತಟ್ಟೆಯಲ್ಲಿ ಕೈಯಿಟ್ಟು ಕನಸು ಕಾಣುತ್ತಿದ್ದರು. ತಮ್ಮ ಯಾವ ಮಾತಿಗೂ ಹೀಗೆ ಕಣ್ಣರಳಿಸದ ಗಂಡ ಗಡ್ಡದವಳನ್ನು ಹೊಗಳುವುದು ಕೇಳಿ ಟೀಚರಮ್ಮನಿಗೆ ತಮ್ಮ ಮೇಲೆ ತಮಗೇ ಹೊಟ್ಟೆಕಿಚ್ಚಾಯಿತು. ಕಿಚ್ಚಿನ ಜೊತೆ ಒಂದು ಸುಖವೂ ಇತ್ತು. ಸ್ವಂತ ಬಾಗಿಲು, ಸ್ವಂತ ಒಲೆ. ಬೇಕೆನಿಸಿದಾಗ ಮುಚ್ಚುತ್ತಿದ್ದರು, ಬೇಕೆನಿಸಿದಾಗ ತೆರೆಯುತ್ತಿದ್ದರು. ಗೂಡಿನ ಗೋಡೆಗೆ ಒಮ್ಮೆ ಹಳದಿ ಬಳಿದರು, ಬೇಸರವಾಗಿ ನೀಲಿ ಬಳಿದರು. ಯಾವ ಓನರಮ್ಮನೂ ಕೇಳಲಿಲ್ಲ. ಆ ಗೂಡನ್ನು ಆಕೆ ಯಾವ ಕಾರಣಕ್ಕೂ ಬಿಟ್ಟುಕೊಡುವವರಾಗಿರಲಿಲ್ಲ.

ಅಷ್ಟರಲ್ಲಿ ಸಾಹೇಬರಿಗೆ ಇಕ್ಕಟ್ಟು ಬಂತು. ಆಟದಲ್ಲಿ ‘ಹಿರಿಮೇಸ್ತ್ರಿ’ ಎಂಬ ಪದವಿ ಸಿಗಬೇಕಾದರೆ ಆಗಲೇ ಹಿರಿಮೇಸ್ತ್ರಿಗಳಾದ ಮೂವರು ಬಂದು, ಪದವಿ ಕೇಳಿದವರು ಕಟ್ಟಿದ ಮನೆಯೊಳಗೆ ಓಡಾಡಿ, ಸರಿ ಎನ್ನಬೇಕು. ಭಾನುವಾರ ಬೆಳಿಗ್ಗೆ ಬರುತ್ತೇವೆ ಎಂದು ಅವರು ಹೇಳಿಕಳಿಸಿದ್ದರು. ಮನೆಗೆ ದಾರಿಯೇ ಇಲ್ಲ.

ಶನಿವಾರ ಸಾಹೇಬರು ಊಟ ಮಾಡಲಿಲ್ಲ. ಟೀಚರಮ್ಮ ಬಟ್ಟೆ ಮಡಿಸುತ್ತಿದ್ದಲ್ಲಿಗೆ ಬಂದು ಕೂತರು.

“ಆ ಹೆಂಗಸು ದಾರಿ ಬಿಡದಿದ್ರೆ ಎಲ್ಲಾ ಮಣ್ಣು ಪಾಲಾಗತ್ತೆ ಕಣೇ.”

“ಆಟ ತಾನೇ. ಹೋದ್ರೆ ಹೋಗ್ಲಿ.”

“ಹಾಗಲ್ಲ.” ಸಾಹೇಬರು ಪ್ಲಾಸ್ಟರು ಕೆರೆದುಕೊಂಡರು. “ಜೀವಮಾನವೆಲ್ಲ ಬೇರೆಯೋರು ಕಟ್ಟಿದ್ದನ್ನ ತಪ್ಪು ಅಂತ ಹೇಳಿದ್ದೇ ಆಯ್ತು. ನಾನು ಅಂತ ಕಟ್ಟಿದ್ದು ಇದೊಂದೇ.”

ಟೀಚರಮ್ಮನ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಕಟ್ಟಿದ್ದು ಇದೊಂದೇ, ಅದರಲ್ಲೂ ತಾನಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಾಗಿ, “ನಾಳೆ ಹೋಗಿ ಬಾಗಿಲು ತಟ್ಟಿ ಕೇಳಿ ನೋಡಿ. ನೋಟಿಸ್ ಬೇಡ, ಮನುಷ್ಯರ ಥರ ಕೇಳಿ,” ಎಂದಷ್ಟೇ ಹೇಳಿ ಎದ್ದುಹೋದರು.

ಭಾನುವಾರ ಬೆಳಿಗ್ಗೆ ಟೀಚರಮ್ಮ ಅಡುಗೆಮನೆಯಲ್ಲಿ ಟ್ಯಾಬನ್ನು ಡಬ್ಬಿಗೆ ಒರಗಿಸಿಟ್ಟು ಹಿಟ್ಟು ನಾದುತ್ತಿದ್ದರು. ಹಂಡೆ ಕುದಿದಾಗ ಕೂಗುವುದು ಕೇಳಲಿ ಎಂದು ಸದ್ದು ಜೋರು ಮಾಡಿದ್ದರು. ಆ ಆಟದಲ್ಲಿ ಒಬ್ಬರ ಬಾಗಿಲು ತಟ್ಟಿದರೆ ಮನೆಯೊಡೆಯರಿಗೆ ಗಂಟೆ ಕೇಳಿಸುತ್ತದೆ. ಇದನ್ನು ಆಕೆ ಯೋಚಿಸಿರಲಿಲ್ಲ.

ಮುಂದಿನ ಕೋಣೆಯಲ್ಲಿ ಸಾಹೇಬರು ಒಂದು ಗುಂಡಿ ಒತ್ತಿದರು. ಅಡುಗೆಮನೆಯಲ್ಲಿ ‘ಟಣ್’ ಎಂದಿತು.

ಸಾಹೇಬರು ತಲೆಯೆತ್ತಿದರು. ಮತ್ತೆ ತಟ್ಟಿದರು. ‘ಟಣ್.’ ಹಿಟ್ಟಿನ ಕೈಯಲ್ಲಿ ಸದ್ದು ಕಡಿಮೆ ಮಾಡಲು ಟೀಚರಮ್ಮ ಒದ್ದಾಡಿದರು, ಬೆರಳು ಜಾರಿ ಸದ್ದು ಇನ್ನೂ ಏರಿತು. ಸಾಹೇಬರು ಬಿಡದೆ ತಟ್ಟಿದರು. ಟಣ್ ಟಣ್ ಟಣ್. ಆಮೇಲೆ ಕೋಲು ಊರುವ ಸದ್ದು ಹತ್ತಿರ ಹತ್ತಿರ ಬಂತು.

ಬಾಗಿಲಲ್ಲಿ ನಿಂತು ಸಾಹೇಬರು ಟ್ಯಾಬ್ ನೋಡಿದರು, ಅದರೊಳಗಿನ ಗಡ್ಡದವಳನ್ನು ನೋಡಿದರು, ಹಿಟ್ಟಿನ ಕೈಯ ಹೆಂಡತಿಯನ್ನು ನೋಡಿದರು.

“ನೀನಾ?”

“ಬಾಗಿಲು ತಟ್ಟಿದೋರು ಹೊರಗೇ ಕಾಯ್ಬೇಕು,” ಎಂದರು ಟೀಚರಮ್ಮ.

“ಚೆಕ್ಕುಬಂದಿ... ಅದೆಲ್ಲ ನೀನೇನಾ? ನನ್ನ ಬಾಗಿಲಿಗೇ ಅಡ್ಡ ಯಾಕೆ ಕಟ್ಟಿದೆ?”

“ಊರಲ್ಲಿ ಖಾಲಿ ಇದ್ದಿದ್ದು ಅದೊಂದೇ. ನೀವು ಬೇಡ ಅಂತ ಬಿಟ್ಟ ಜಾಗ.” ಹಿಟ್ಟನ್ನು ತಟ್ಟೆಗೆ ಕುಕ್ಕಿದರು. “ನಂಗೇನು ಅದು ಹೊಸದಾ? ಇಷ್ಟು ವರ್ಷ ನಾನು ಇದ್ದಿದ್ದು ಅಲ್ಲೇ ಅಲ್ವಾ? ಒಂದೊಂದು ಮನೇನೂ ಬೇಡ ಬೇಡ ಅಂತ ನೀವು ಬಿಡ್ತಾ ಹೋದ್ರಿ, ನಾನು ನಿಮ್ಮ ಹಿಂದೆ ಪಾತ್ರೆ ಕಟ್ಕೊಂಡು ಬರ್ತಾ ಹೋದೆ. ಈಗ ಗೇಣಗಲ ಒಂದು ನಂದೂ ಅಂತ ಇದೆ. ಬಿಡಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.”

ಮುಂದಿನ ಕೋಣೆಯಿಂದ ಕಂಪ್ಯೂಟರು ಕೂಗಿತು: ಹಿರಿಮೇಸ್ತ್ರಿಗಳು ಬಂದಿದ್ದರು.

“ದಾರಿ...” ಎಂದರು ಸಾಹೇಬರು. ಆಮೇಲೆ ಬಹಳ ಮೆತ್ತಗೆ, “ನಿನ್ನ ಅಂಗಡಿಯೊಳಗಿಂದ ಅವರನ್ನ ಕರ್ಕೊಂಡು ಹೋಗ್ಬಹುದಾ?”

ಟೀಚರಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ಗೂಡಿನ ಹಿಂಬದಿಯ ಗೋಡೆಯಲ್ಲಿ ಒಂದು ಬಾಗಿಲು ಕೊರೆದುಕೊಟ್ಟರು. ಮೂವರು ಮೇಸ್ತ್ರಿಗಳು ಹಂಡೆಯ ಪಕ್ಕ ಒಬ್ಬರ ಹಿಂದೊಬ್ಬರು ಅಡ್ಡಡ್ಡ ಸರಿದುಕೊಂಡು, ಮೂಗು ಮುಚ್ಚಿಕೊಂಡು ಒಳಹೊಕ್ಕರು. ಮಹಡಿ ಹತ್ತಿದರು, ಇಳಿದರು. ಕಲ್ಲಿನ ಜೋಡಣೆ ಬಹಳ ಚೆನ್ನಾಗಿದೆ ಎಂದರು. ಆಮೇಲೆ ಅವರಲ್ಲೊಬ್ಬ ಕೇಳಿದ: ಒಲೆ ಎಲ್ಲಿ? ಮಂಚ ಎಲ್ಲಿ? ಇಲ್ಲಿ ಇರುವುದು ಯಾರು?

ಸಾಹೇಬರು ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಕೂತರು. ಹೆಂಡತಿ ಹಿಂದೆ ಬಂದು ನಿಂತಿದ್ದು ಗೊತ್ತಿತ್ತು. ‘ಯಾರೂ ಇಲ್ಲ’ ಎಂದು ಬರೆದರು.

ಹಾಗಾದರೆ ಇದು ಮನೆಯಲ್ಲ, ಬರೀ ಗೋಡೆ. ಯಾರಾದರೂ ಬಂದು ಇರತೊಡಗಿದ ಮೇಲೆ ಕರೆಯಿರಿ ಎಂದು ಹೇಳಿ ಮೂವರೂ ಹೊರಟರು. ಹೋಗುವಾಗ ಒಬ್ಬ ಅಂಟು ಕೊಂಡುಕೊಂಡ.

ಟೀಚರಮ್ಮನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಸಾಹೇಬರ ಕುತ್ತಿಗೆಯ ಹಿಂಬದಿ ನೋಡಿ ಒಳಗೆ ಹೋಗಿ ಟೀ ಮಾಡಿ ತಂದುಕೊಟ್ಟರು. ಸಾಹೇಬರು ಕುಡಿದರು. ಆ ದಿನ ಆ ಮನೆಯಲ್ಲಿ ಯಾರೂ ಯಾರಿಗೂ ನೋಟಿಸು ಕೊಡಲಿಲ್ಲ.

ಪ್ಲಾಸ್ಟರು ಬಿಚ್ಚಿದ ವಾರ ಸಾಹೇಬರೇ ಮನೆ ಬ್ರೋಕರಿಗೆ ಫೋನು ಮಾಡಿದರು. ಸಾಹೇಬರ ಹೆಸರು ಕೇಳಿ ಬ್ರೋಕರು ಮೊದಲು ರಾಂಗ್ ನಂಬರ್ ಎಂದ. ಆಮೇಲೆ ಮನಸ್ಸು ಗಟ್ಟಿಮಾಡಿಕೊಂಡು ಬೇಕರಿಯ ಹಿಂದಿನ ಓಣಿಯಲ್ಲಿ ಒಂದು ಮನೆ ತೋರಿಸಲು ಒಪ್ಪಿಕೊಂಡ. ದಾರಿಯುದ್ದಕ್ಕೂ ಸಾಹೇಬರ ಕೈಯನ್ನೇ ನೋಡುತ್ತ ಬಂದ. ಸಾಹೇಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಜಗಲಿ ದಾಟುವಾಗ ಕಣ್ಣು ತಾನಾಗಿ ಪಕ್ಕದ ಗೋಡೆಯ ಕಡೆ ಹೋಯಿತು. ಕಷ್ಟಪಟ್ಟು ಅದನ್ನು ಎಳೆದುಕೊಂಡರು.

ಎರಡು ಕೋಣೆ. ಬೆಳಕಿರುವ ಮೂಲೆ. ಟೀಚರಮ್ಮ, ಇದನ್ನೂ ಬೇಡವೆಂದರೆ ಇನ್ನು ಜನ್ಮದಲ್ಲಿ ಮನೆಯ ಮಾತೆತ್ತುವುದಿಲ್ಲ ಎಂದುಕೊಂಡು ಅಡುಗೆಮನೆಗೆ ಹೋದರು. ಗಾಳಿ ಬರಲಿ ಎಂದು ಕಿಟಕಿ ತಳ್ಳಿದರು. ಕಿಟಕಿಯ ಬಾಗಿಲು ಹೊರಗೆ ಹೋಗಿ ಪಕ್ಕದ ಮನೆಯ ಗೋಡೆಗೆ ‘ಠಪ್’ ಎಂದು ಬಡಿದು ವಾಪಸು ಬಂದು ಆಕೆಯ ಕೈಗೇ ಹೊಡೆಯಿತು.

ಟೀಚರಮ್ಮನಿಗೆ ಏನಾಯಿತೋ ಏನೋ. “ಏನ್ರೀ ಇದು!” ಎಂದು ಕಿರುಚಿದರು. “ಗೋಡೆಗೂ ಗೋಡೆಗೂ ಮಧ್ಯ ಒಂದಡಿ ಕೂಡ ಇಲ್ಲ! ಯಾರ್ರೀ ಇದಕ್ಕೆ ಪರ್ಮಿಷನ್ ಕೊಟ್ಟಿದ್ದು? ನಿಯಮ ನಿಯತ್ತು ಏನೂ ಬೇಡ್ವಾ ಈ ಊರಲ್ಲಿ?”

ಬ್ರೋಕರು ಗೋಡೆಗೆ ಒರಗಿದ. ಸಾಹೇಬರ ಬಾಯಿಂದ ಬರುವ ಮಾತಿಗೆ ಅವನು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ, ಹೆಂಡತಿಯ ಬಾಯಿಂದ ಬರುವ ಮಾತಿಗಲ್ಲ. ತಾನು ಹೇಳಿದ್ದು ತನಗೇ ಕೇಳಿಸಿ ಟೀಚರಮ್ಮ ಕಂಗಾಲಾದರು. ಕೈಯಾರೆ ಮನೆ ಕಳೆದುಕೊಂಡೆ ಎಂದುಕೊಂಡರು.

ಸಾಹೇಬರು ನಿಧಾನವಾಗಿ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಣೆಯಲ್ಲಿ ಬೆವರು ಮೂಡಿತು. ತಲೆ ಒಳಗೆಳೆದುಕೊಂಡು ಹೆಂಡತಿಯ ಕೆಂಪಗಾದ ಕೈ ನೋಡಿದರು.

“ಇರ್ಲಿ ಬಿಡೇ,” ಎಂದರು ಸಾಹೇಬರು.

ಒಂದು ಗೋಡೆಯ ವಿಚಾರದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಬ್ರೋಕರು ತನಗೆ ಕಿವಿ ಕೆಟ್ಟಿತೆಂದುಕೊಂಡ. ಟೀಚರಮ್ಮ ಮುಖ ತಿರುಗಿಸಿಕೊಂಡು ಒಲೆ ಕಟ್ಟೆಯನ್ನು ಅಂಗೈಯಿಂದ ಸವರುತ್ತ ನಿಂತರು. ಕಣ್ಣು ತುಂಬಿ ಬಂದು ಕಟ್ಟೆ ಸರಿಯಾಗಿ ಕಾಣಿಸುತ್ತಿರಲಿಲ್ಲ.

“ಕಿಟಕಿ ಬೇಕಾದ್ರೆ ಒಳಕ್ಕೆ ತೆಗೆಯೋ ಹಾಗೆ ಮಾಡಿಸ್ಕೊಳ್ಳೋಣ,” ಎಂದರು ಸಾಹೇಬರು, ಹೆದರಿ ಹೆದರಿ.

“ಒಳಕ್ಕೂ ಬೇಡ, ಹೊರಕ್ಕೂ ಬೇಡ,” ಎಂದರು ಟೀಚರಮ್ಮ ಮೂಗೊರೆಸಿಕೊಳ್ಳುತ್ತ. “ಅದನ್ನ ಮುಚ್ಚಿ ಹಿತ್ತಲ ಕಡೆ ಇಡಿಸಿ. ನನ್ನ ಮನೇಲಿ ಕಿಟಕಿ ಎಲ್ಲಿರಬೇಕು ಅಂತ ನಾನು ಹೇಳ್ತೀನಿ.”

“ಆಯ್ತು, ಹೇಳು,” ಎಂದರು ಸಾಹೇಬರು. ಬ್ರೋಕರನ ಕೈಯಿಂದ ಪೆನ್ನು ತೆಗೆದುಕೊಂಡು, ಹಿತ್ತಲ ಗೋಡೆಯ ಮುಂದೆ ನಿಂತು, ಎಲ್ಲಿ ಗುರುತು ಹಾಕಲಿ ಎಂದು ಕಾದರು.